ಹಾಜರಿದ್ದವರು

ಜನವರಿ 18

ಅಕ್ಕಾ,

ಗುಂಡಿಗೆ ಶಾಲೆ ಸಿಕ್ಕಿತು. ಇದನ್ನು ಮೊದಲು ಹೇಳಿದ್ದು ಶಾಲೆಯವರಲ್ಲ, ನಮ್ಮ ಕೆಳಗಿನ ಮನೆಯ ಬಸ್ ಚಾಲಕನ ಹೆಂಡತಿ. ಅವಳ ಮಗಳೂ ಅದೇ ಶಾಲೆ. ಗೇಟಿನ ಹತ್ತಿರ ಅಂಟಿಸಿದ್ದ ಹೆಸರುಗಳಲ್ಲಿ ನಮ್ಮ ಹುಡುಗಿಯದನ್ನು ನೋಡಿ, ಸಂಜೆ ಮೆಟ್ಟಿಲ ಮೇಲೇ ನನ್ನನ್ನು ನಿಲ್ಲಿಸಿ ಹೇಳಿದಳು. ಮರುದಿನ ನಾನೇ ಹೋಗಿ ನೋಡಿಕೊಂಡು ಬಂದೆ. ನಿಜ. ಇಲ್ಲಿ ಶಾಲೆಯ ವರ್ಷ ಜನವರಿಗೇ ಶುರು. ಒಂದನೇ ತರಗತಿ, ಹಿಂದಿನ ಬೆಂಚು.

ಅಪ್ಪ ಇದ್ದಿದ್ದರೆ ಈ ಸುದ್ದಿಯನ್ನು ಒಪ್ಪುತ್ತಿದ್ದರು. ಬೆಳಗಿನ ಪತ್ರಿಕೆಗಳನ್ನು ಮನೆಮನೆಗೆ ಹಾಕಿ ಬಂದು ಊಟಕ್ಕೆ ಕೂತರೆ ಅವರು ನಮ್ಮನ್ನು ಕೇಳುತ್ತಿದ್ದುದು ಎರಡೇ ಮಾತು. ಏನಾಯ್ತು? ಯಾರು ಹೇಳಿದ್ರು? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಮೊದಲನೆಯದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ಫೋನಿನಲ್ಲಿ ಗುಂಡಿ ಜೊತೆ ಮಾತು, ನನ್ನ ಜೊತೆ ಪತ್ರ ಅಂತ ನೀನು ಮಾಡಿದ ಏರ್ಪಾಡು ಸರಿಯಾಗಿಯೇ ಇದೆ. ಫೋನಾದರೆ ಮೂರನೇ ಮಾತಿಗೆ ನಾವಿಬ್ಬರೂ ಜಗಳಕ್ಕೆ ನಿಲ್ಲುತ್ತೇವೆ. ಆ ಮಗು ಪಕ್ಕದಲ್ಲೇ ಮೈಯೆಲ್ಲ ಕಿವಿಯಾಗಿ ಕೂತಿರುತ್ತದೆ.

ಮನೆ ಅಂದರೆ ಮೂರನೇ ಮಹಡಿಯಲ್ಲಿ ಒಂದು ಕೋಣೆ. ಬಾಲ್ಕನಿಗೆ ಗಾಜು ಹಾಕಿ ಅದನ್ನೇ ಅಡುಗೆಮನೆ ಮಾಡಿದ್ದಾರೆ. ಎದುರಿಗೆ ಬಸ್ ಡಿಪೋ. ನಲ್ಲಿ ತಿರುಗಿಸಿದರೆ ನೀರಿಗೆ ಮೊದಲು ಒಂದಷ್ಟು ಕೆಮ್ಮು ಬರುತ್ತದೆ. ನಲ್ಲಿಗೆ ಶೀತ ಆಗಿದೆ ಅಂತ ಗುಂಡಿ ನಿನ್ನೆ ಅದಕ್ಕೆ ಕರವಸ್ತ್ರ ಕಟ್ಟಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಬರುವವರೆಗೆ ಚಾಲಕನ ಹೆಂಡತಿ ನೋಡಿಕೊಳ್ಳುತ್ತಾಳೆ.

ನೀನು ಬಸ್ ನಿಲ್ದಾಣದಲ್ಲಿ ಹಾಕಿದ ಷರತ್ತು ಮರೆತಿಲ್ಲ. ಜೂನ್ ಕೊನೆಯವರೆಗೆ ಕಚೇರಿಯಲ್ಲಿ ನನ್ನನ್ನು ಪರೀಕ್ಷೆಯ ಮೇಲೆ ಇಟ್ಟಿದ್ದಾರೆ. ಅಷ್ಟರಲ್ಲಿ ಕೆಲಸ ಖಾಯಂ ಆಗದಿದ್ದರೆ ಗುಂಡಿ ನಿನ್ನ ಹತ್ತಿರ ವಾಪಸ್. ನಾನು ಎಲ್ಲಾದರೂ ಕೆಲಸ ನೋಡಿಕೊಂಡು ರಜೆಗೆ ಬಂದು ಹೋಗುವುದು. ಕೈಯಲ್ಲಿ ಕೈ ಇಟ್ಟು ಒಪ್ಪಿದ್ದೇನೆ.

ನಿನ್ನ ತಮ್ಮ


ಜನವರಿ 29

ತಮ್ಮಾ,

ಸುದ್ದಿ ತಲುಪಿತು, ಮೂಲವೂ ತಲುಪಿತು. ಹಿಂದಿನ ಬೆಂಚು ಯಾಕೆ? ಅವಳು ಕುಳ್ಳಿ ಅಂತ ಆ ಟೀಚರಿಗೆ ಕಣ್ಣಿಗೆ ಕಾಣೋದಿಲ್ಲವೇ? ಹೋಗಿ ಮುಂದೆ ಕೂರಿಸು. ನೀನು ಕೇಳೋದಿಲ್ಲ, ನನಗೆ ಗೊತ್ತು. ಹೋಟೆಲಿನಲ್ಲಿ ತಣ್ಣಗಿನ ಟೀ ಕೊಟ್ಟರೂ ಕುಡಿದು ಥ್ಯಾಂಕ್ಸ್ ಹೇಳಿ ಬರೋ ಗಿರಾಕಿ ನೀನು.

ಷರತ್ತನ್ನು ನಾನು ಹಟಕ್ಕೆ ಹಾಕಿದ್ದಲ್ಲ. ಬೆಕ್ಕು ಮರಿಯನ್ನು ಏಳು ಮನೆ ಸುತ್ತಿಸಿದ ಹಾಗೆ ಮಗುವನ್ನು ಊರೂರು ಹೊತ್ತುಕೊಂಡು ತಿರುಗೋಕಾಗಲ್ಲ. ಅವಳ ತಾಯಿ ಹೋದಾಗ ಅವಳಿಗೆ ಎರಡು ತುಂಬಿರಲಿಲ್ಲ. ಆಮೇಲೆ ನನ್ನ ಹೊಲಿಗೆ ಮಿಷನ್ನಿನ ಕೆಳಗೇ ಬೆಳೆದಳು. ಡಬ್ಬದಿಂದ ಗುಂಡಿ ನುಂಗಿ ಇಡೀ ಬೀದಿಯನ್ನು ಆಸ್ಪತ್ರೆಗೆ ಓಡಿಸಿ ಆ ಹೆಸರು ಸಂಪಾದಿಸಿದಳು. ಅಂಥವಳನ್ನು ಒಂದು ಸಲ ಕಿತ್ತು ನೆಟ್ಟದ್ದಾಯಿತು. ಬೇರು ಬಿಡದಿದ್ದರೆ ಮೊದಲಿದ್ದ ಮಣ್ಣಿಗೇ ತರಬೇಕು. ಇದು ನಿನಗೂ ಗೊತ್ತು.

ಅಂಗಡಿ ಚೆನ್ನಾಗಿದೆ. ಮದುವೆ ಬಟ್ಟೆ ಒಂದು ರಾಶಿ ಬಂದಿದೆ. ಮನೆ ಸದ್ದಿಲ್ಲದೆ ಇರೋದರಿಂದ ಕೆಲಸ ಬೇಗ ಸಾಗುತ್ತೆ.

ಅವಳ ಅಳತೆ ಕಳಿಸು. ಎದೆ, ಉದ್ದ, ತೋಳು. ಅಂದಾಜಲ್ಲ, ಟೇಪು ಹಿಡಿದು.

ಅಕ್ಕ


ಫೆಬ್ರವರಿ 20

ಅಕ್ಕಾ,

ಗುಂಡಿ ಮುಂದಿನ ಬೆಂಚಿಗೆ ಬಂದಳು. ಹೇಳಿದ್ದು ಅವಳೇ. ನಾನು ಟೀಚರನ್ನು ಕೇಳೋಣ ಅಂತ ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಅವಳು ಎದ್ದು ನಿಂತು, "ನಂಗೆ ಬೋರ್ಡ್ ಬದಲು ಅವನ ತಲೆ ಕಾಣ್ತಿದೆ" ಅಂದಳಂತೆ. ಈ ಗುಣ ನಮ್ಮ ಮನೆಯಲ್ಲಿ ಯಾರದು ಅಂತ ಬೇರೆ ಹೇಳಬೇಕಾಗಿಲ್ಲ.

ಅಳತೆ ಇದರ ಜೊತೆ ಇದೆ. ಮನೆಯಲ್ಲಿ ಟೇಪಿಲ್ಲ, ಕಚೇರಿಯ ಅಡಿಕೋಲಿನಿಂದ ಅಳೆದೆ. ಎದೆಯ ಸುತ್ತಳತೆಗೆ ದಾರ ಹಾಕಿ ಆಮೇಲೆ ದಾರವನ್ನು ಅಳೆದಿದ್ದೇನೆ. ಬೈಯಬೇಡ.

ಇನ್ನು ಕಚೇರಿ. ಇಲ್ಲಿ ನನ್ನ ಹುದ್ದೆಗೆ ಪ್ಯಾರಾಲೀಗಲ್ ಅನ್ನುತ್ತಾರೆ. ಕೋಟು ಹಾಕದೆ ವಕೀಲರ ಕೆಲಸದಲ್ಲಿ ಮುಕ್ಕಾಲು ಪಾಲು ಮಾಡುವವನು ಅಂತ ಅರ್ಥ. ಸಾಕ್ಷಿಗಳನ್ನು ಕಂಡು ಹೇಳಿಕೆ ಬರೆದುಕೊಳ್ಳುವುದು, ಕಡತ ಜೋಡಿಸುವುದು, ಪುಟಗಳಿಗೆ ಸಂಖ್ಯೆ ಹಾಕುವುದು, ನ್ಯಾಯಾಲಯದ ಕೌಂಟರಿನಲ್ಲಿ ನಿಂತು ದಾಖಲೆ ಸಲ್ಲಿಸುವುದು. ಕಚೇರಿ ಒಬ್ಬ ಹಿರಿಯ ವಕೀಲೆಯದು. ಎಲ್ಲರೂ ಮೇಡಂ ಅನ್ನುತ್ತಾರೆ. ಅವರು ನಗುವುದನ್ನು ಇನ್ನೂ ನೋಡಿಲ್ಲ. ಹಳೆಯ ಗುಮಾಸ್ತರೊಬ್ಬರಿದ್ದಾರೆ, ಸಿಕ್ಕ ಕಾಗದಕ್ಕೆಲ್ಲ ಮೂರು ನಕಲು ತೆಗೆದಿಡುತ್ತಾರೆ. ಅವರ ಹೆಸರೇ ನಕಲಣ್ಣ. ನನ್ನ ಊಟದ ಡಬ್ಬಿಯನ್ನೂ ನಕಲು ತೆಗೆದಾರು ಅಂತ ಭಯ.

ನಮ್ಮೂರ ನ್ಯಾಯಾಲಯದಲ್ಲಿ ಅಷ್ಟು ವರ್ಷ ಟೈಪಿಸ್ಟ್ ಆಗಿದ್ದದ್ದು ಇಲ್ಲಿ ಕೆಲಸಕ್ಕೆ ಬರುತ್ತಿದೆ. ಆದರೆ ಇಲ್ಲಿಯ ವೇಗವೇ ಬೇರೆ. ಮೊದಲ ವಾರ ಎರಡು ಸಲ ತಪ್ಪು ಮಹಡಿಯಲ್ಲಿ ದಾಖಲೆ ಹಿಡಿದು ನಿಂತೆ.

ಬೆಳಿಗ್ಗೆ ಜಡೆ ಹಾಕುವುದು ಮಾತ್ರ ನನ್ನ ಕೈಗೆ ಹತ್ತುತ್ತಿಲ್ಲ. ಮೊನ್ನೆ ರಬ್ಬರ್ ಬ್ಯಾಂಡ್ ತುಂಡಾಗಿ, ಬಸ್ಸು ಹೊರಡುತ್ತಿತ್ತು, ಚೀಲದಲ್ಲಿ ಕಡತ ಕಟ್ಟುವ ಹಸಿರು ದಾರ ಇತ್ತು. ಅದರಲ್ಲೇ ಕಟ್ಟಿ ಕಳಿಸಿದೆ. ಎರಡು ತುದಿಗೂ ತಗಡಿನ ಕಡ್ಡಿ ಇರುವ ಆ ದಾರ. ಸಂಜೆಯವರೆಗೆ ಬಿಚ್ಚಲಿಲ್ಲ.

ತಮ್ಮ


ಮಾರ್ಚ್ 6

ಲೋ,

ಮಗು ಕಡತ ಅಲ್ಲ. ತಲೆಗೆ ತೂತು ಹಾಕಲಿಲ್ಲವಲ್ಲ, ಅದೇ ಪುಣ್ಯ.

ಇದರ ಜೊತೆ ಬಟ್ಟೆಯ ರಿಬ್ಬನ್ ಒಂದು ಕಟ್ಟು ಇದೆ. ಜಡೆ ಅಂದರೆ ಬ್ರಹ್ಮವಿದ್ಯೆ ಅಲ್ಲ. ಮೂರು ಪಾಲು ಮಾಡು, ಬಲಗಡೆಯದು ನಡುವೆ, ಎಡಗಡೆಯದು ನಡುವೆ, ಅಷ್ಟೇ. ಮೊದಲು ನೀರು ಚಿಮುಕಿಸು. ಅವಳು ಓಡುವ ಮೊದಲು ಮುಗಿಸು.

ಫ್ರಾಕ್ ಎರಡು ಕಳಿಸಿದ್ದೇನೆ. ನಿನ್ನ ಅಡಿಕೋಲನ್ನು ನಂಬದೆ ನಾನೇ ಒಂದಿಷ್ಟು ಸೇರಿಸಿ ಹೊಲಿದೆ. ಗಿಡ್ಡ ಆಯಿತೋ ಉದ್ದ ಆಯಿತೋ ಬರಿ. ಇಲ್ಲಿದ್ದಾಗ ಅಳತೆ ತೆಗೆಯುತ್ತಲೇ ಇರಲಿಲ್ಲ. ಹಾದು ಹೋಗುವಾಗ ನೋಡಿದರೆ ಗೊತ್ತಾಗುತ್ತಿತ್ತು.

ಭಾನುವಾರದ ಫೋನಿನಲ್ಲಿ ಅವಳು ಬೇಗ ಇಟ್ಟಳು. ಕೆಳಗಿನ ಮನೆ ಹುಡುಗಿ ಆಟಕ್ಕೆ ಕರೆದಳಂತೆ. ಒಳ್ಳೆಯದೇ.

ಅಕ್ಕ


ಏಪ್ರಿಲ್ 11

ಅಕ್ಕಾ,

ಕಿಟಕಿ ಅಜ್ಜಿ ಬಾಯಿ ಬಿಟ್ಟರು. ಹೇಳಿದ್ದು ಬೇರೆ ಯಾರೂ ಅಲ್ಲ, ನಾನೇ ಎದುರಿಗೆ ಕೂತು ಬರೆದುಕೊಂಡೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಒಂದು ಮೂರು ಮಹಡಿಯ ಹಳೆಯ ಮನೆ, ಕೋಣೆಗೊಂದು ಸಂಸಾರ. ಕಳೆದ ವರ್ಷ ಒಂದು ದಿನ ಬಾಡಿಗೆಯವರೆಲ್ಲ ಕೆಲಸಕ್ಕೆ ಹೋಗಿದ್ದಾಗ ಅವರ ಸಾಮಾನೆಲ್ಲ ಬೀದಿಗೆ ಬಂತು, ಬಾಗಿಲಿಗೆ ಹೊಸ ಬೀಗ ಬಿತ್ತು. ಮಾಲೀಕ ಹೇಳುವುದೇ ಬೇರೆ: ಅವರಾಗಿಯೇ ಖಾಲಿ ಮಾಡಿಕೊಂಡು ಹೋದರು, ನಾನು ಆ ದಿನ ಊರಲ್ಲೇ ಇರಲಿಲ್ಲ. ಬಾಡಿಗೆಯವರ ದಾವೆ ನಡೆಸುತ್ತಿರುವುದು ನಮ್ಮ ಕಚೇರಿ. ಅವನು ಅಲ್ಲಿದ್ದ ಅಂತ ಹೇಳುವ ಒಬ್ಬ ಸಾಕ್ಷಿ ಸಿಕ್ಕರೆ ಸಾಕು. ಅಂಥವರು ಒಬ್ಬರೇ, ಎದುರು ಮನೆಯ ನೆಲಮಹಡಿಯಲ್ಲಿ ಹಗಲೆಲ್ಲ ಕಿಟಕಿಯಲ್ಲಿ ಕೂರುವ ಅಜ್ಜಿ. ನಮ್ಮ ಕಚೇರಿಯ ಕಿರಿಯ ವಕೀಲರು ಮೂರು ಸಲ ಹೋಗಿ ಬಂದಿದ್ದರು. "ನಂಗೆ ಕಣ್ಣು ಕಾಣಲ್ಲಪ್ಪ" ಅಂತ ಬಾಗಿಲು ಹಾಕಿಕೊಂಡರಂತೆ. ಮೇಡಂ ನನ್ನನ್ನು ಕಳಿಸಿದರು.

ಶನಿವಾರ ಹೊರಡಬೇಕಾಗಿತ್ತು. ಅದೇ ಬೆಳಿಗ್ಗೆ ಚಾಲಕನ ಹೆಂಡತಿ ತಾಯಿಗೆ ಹುಷಾರಿಲ್ಲ ಅಂತ ಹೋಗಿಬಿಟ್ಟಳು. ಕೋಣೆಯಲ್ಲಿ ಒಬ್ಬಳನ್ನೇ ಬಿಡುವಂತಿಲ್ಲ. ಸಾಕ್ಷಿಯ ಮನೆಗೆ ಹೊರಗಿನವರನ್ನು ಕರೆದೊಯ್ಯಬಾರದು ಅಂತ ಕಚೇರಿಯ ನಿಯಮ. ಕರೆದುಕೊಂಡೇ ಹೋದೆ.

ಬಾಗಿಲು ತೆರೆದ ಅಜ್ಜಿ ನನ್ನನ್ನು ನೋಡಲಿಲ್ಲ. ಗುಂಡಿಯ ಬಾಯಿ ನೋಡಿದರು. ಹೋದ ವಾರ ಅವಳ ಮುಂದಿನ ಹಲ್ಲು ಬಿದ್ದಿದೆ.

"ಹಲ್ಲೆಲ್ಲಿ?" ಅಂದರು.

"ನಿಂದೆಲ್ಲಿ?" ಅಂದಳು ಇವಳು.

ನಾನು ಅವಳ ಕೈ ಜಗ್ಗಿದೆ. ಅಜ್ಜಿ ನಕ್ಕು ದಾರಿ ಬಿಟ್ಟರು. "ನಂದು ಹೋಗಿ ಕಾಲ ಆಯ್ತು. ನಿಂದು ಬರುತ್ತೆ. ಬಾ ಒಳಗೆ."

ನಾನು ಒಂದು ಮೂಲೆಯಲ್ಲಿ ಕೂತು ಹೆಸರು, ವಯಸ್ಸು, ಎಷ್ಟು ವರ್ಷದಿಂದ ಇಲ್ಲಿದ್ದೀರಿ ಅಂತ ಬರೆಯಲು ಶುರು ಮಾಡಿದೆ. ಆ ದಿನ ಮಾಲೀಕರನ್ನು ನೋಡಿದಿರಾ ಅಂದೆ. "ನಂಗೆ ಕಣ್ಣು ಕಾಣಲ್ಲಪ್ಪ" ಅಂದರು. ಅಷ್ಟರಲ್ಲಿ ಗುಂಡಿ ಕಿಟಕಿಯ ಕೆಳಗಿದ್ದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತಲೆ ಹಾಕಿದ್ದಳು. ಅದರಲ್ಲಿ ಎರಡು ಕಿತ್ತಳೆ ಬಣ್ಣದ ಮೀನು.

"ಅಜ್ಜಿ, ಮೀನು ಯಾಕೆ ಬಕೆಟ್ಟಲ್ಲಿದೆ?"

"ಅದರ ಗಾಜಿನ ಪೆಟ್ಟಿಗೆ ಒಡೆದೋಯ್ತು ಮಗಾ. ಎದುರು ಮನೆ ಮೇಲ್ಗಡೆ ಕಟಿಂಗ್ ಶಾಪಿನವನು ಸಾಕಿದ್ದ. ಸಾಮಾನು ಆಚೆ ಹಾಕಿದ ದಿನ ಮಾಲೀಕನೇ ಬಕೆಟ್ಟಲ್ಲಿ ಎತ್ಕೊಂಡು ಬಂದು ಕಿಟಕಿ ಹತ್ರ ಇಟ್ಟ. ಇಟ್ಕೊಳ್ಳಮ್ಮ, ಮೂಕ ಪ್ರಾಣಿ, ಸತ್ರೆ ಪಾಪ ಸುತ್ಕೊಳ್ಳುತ್ತೆ ಅಂದ."

ಅಂದವರು ನನ್ನ ಕಡೆ ತಿರುಗಿದರು. ಬಾಯಿಂದ ಏನು ಹೊರಬಿತ್ತು ಅಂತ ಅವರಿಗೂ ಗೊತ್ತಾಯಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆಮೇಲೆ, "ಬರ್ಕೋ. ಆ ಕಟಿಂಗ್ ಶಾಪಿನವನು ಮೀನು ಸತ್ತೋಗಿದೆ ಅಂತ ತಿಳ್ಕೊಂಡು ದಿನಾ ಈ ಬೀದೀಲೇ ಓಡಾಡ್ತಾನೆ. ಕೊಡೋಣ ಅಂದ್ರೆ ಎಲ್ಲಿ ಸಿಕ್ತು ಅಂತ ಕೇಳ್ತಾನಲ್ಲ. ನಂಗೂ ಸಾಕಾಗಿದೆ" ಅಂದರು.

ಮನುಷ್ಯರನ್ನು ಬೀದಿಗೆ ಹಾಕಿದವನಿಗೆ ಮೀನಿನ ಪಾಪ ಬೇಡವಾಗಿತ್ತು ನೋಡು.

ಎಲ್ಲ ಬರೆದೆ. ಅಜ್ಜಿ ಓದಿಸಿ ಕೇಳಿ ಸಹಿ ಹಾಕಿದರು. ಸೋಮವಾರ ಮೇಡಂ ಓದಿ, ಮೊದಲ ಸಲ, "ಚೆನ್ನಾಗಿದೆ" ಅಂದರು. ಇನ್ನೂ ಕೊನೆಯ ಪುಟ ಓದಿರಲಿಲ್ಲ.

ಫ್ರಾಕ್ ಸರಿಯಾಗಿದೆ. ನಿನ್ನ ಅಂದಾಜೇ ಗೆದ್ದಿತು.

ತಮ್ಮ


ಏಪ್ರಿಲ್ 24

ಅಕ್ಕಾ,

ನನ್ನ ಕೆಲಸ ಖಾಯಂ ಮಾಡುವ ಮಾತನ್ನು ಮೇಡಂ ತಡೆಹಿಡಿದಿದ್ದಾರೆ. ಹೇಳಿದ್ದು ಅವರೇ, ನನ್ನ ಮುಖ ನೋಡಿ.

ನಮ್ಮೂರಿನ ಹಳೆಯ ನ್ಯಾಯಾಧೀಶರು ನಿನಗೆ ನೆನಪಿರಬೇಕು, ಕೋಟಿಗೆ ಗುಂಡಿ ಹೊಲಿಸಲು ನಿನ್ನ ಹತ್ತಿರವೇ ಬರುತ್ತಿದ್ದರು. ಹೇಳಿಕೆ ಟೈಪ್ ಮಾಡಿಸುವಾಗ ಅವರದು ಒಂದೇ ಹಟ. "ಕೋಣೇಲಿ ಯಾರ್ಯಾರಿದ್ರು ಬರಿ. ನೊಣ ಇದ್ರೆ ನೊಣಾನೂ ಬರಿ." ಅಷ್ಟು ವರ್ಷ ಹಾಗೆಯೇ ಟೈಪ್ ಮಾಡಿ ಬೆರಳಿಗೆ ಅದೇ ಅಭ್ಯಾಸ. ಅಜ್ಜಿಯ ಹೇಳಿಕೆಯ ಕೊನೆಯಲ್ಲಿ ಬರೆದಿದ್ದೆ: ಹಾಜರಿದ್ದವರು, ಸಾಕ್ಷಿ, ನಾನು, ನನ್ನ ಮಗಳು, ವಯಸ್ಸು ಆರು. ಮಗಳು ಒಂದು ಪ್ರಶ್ನೆ ಕೇಳಿದಳು, ಅದು ಹೀಗಿತ್ತು.

ಇಲ್ಲಿ ಯಾರೂ ಅದನ್ನು ಬರೆಯುವುದಿಲ್ಲವಂತೆ. ಬರೆದರೆ ಎದುರು ಪಕ್ಷದವರು ಅದನ್ನೇ ಹಿಡಿದು ಎಳೆಯುತ್ತಾರಂತೆ. ಮಗು ಹೇಳಿಕೊಟ್ಟದ್ದನ್ನು ಮುದುಕಿ ಹೇಳಿದಳು ಅನ್ನುತ್ತಾರಂತೆ.

ನಕಲಣ್ಣ ನನ್ನ ಮೇಜಿಗೆ ಬಂದು ಮೆಲ್ಲಗೆ, "ಒಂದು ಸಾಲು ತಾನೆ? ತೆಗೆದು ಹೊಸದಾಗಿ ಟೈಪ್ ಮಾಡು. ಅಜ್ಜಿ ಹತ್ರ ಇನ್ನೊಂದು ಸಹಿ ಹಾಕಿಸಿದ್ರಾಯ್ತು. ಯಾರ ಗಂಟು ಹೋಗುತ್ತೆ?" ಅಂದರು. ಮೂರು ನಕಲು ಇಟ್ಟುಕೊಂಡಿರುವ ಮನುಷ್ಯ ಅಸಲನ್ನೇ ಬದಲಾಯಿಸು ಅನ್ನುತ್ತಿದ್ದರು. ಕೆಟ್ಟವರಲ್ಲ ಅವರು. ನನ್ನ ಮೇಲಿನ ಕರುಣೆಯಿಂದಲೇ ಹೇಳಿದ್ದು.

ಮೇಡಂ ಕರೆಸಿದರು.

"ಮಗು ಇತ್ತಾ?"

"ಇತ್ತು ಮೇಡಂ."

"ಆ ಪ್ರಶ್ನೆ ಕೇಳಿದ್ದು ನಿಜವಾ?"

"ನಿಜ."

"ಕರ್ಕೊಂಡು ಹೋಗಬಾರದು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಸಾಲು ಅಲ್ಲೇ ಇರಬೇಕಾ ಅಂತ ನೀವು ಯೋಚನೆ ಮಾಡಿ. ಮುಂದಿನ ವಾರ ಸಲ್ಲಿಸಬೇಕು. ಅದು ಇದ್ರೆ ನಾನು ಅದರ ಪರವಾಗಿ ನಿಂತು ವಾದ ಮಾಡ್ತೀನಿ. ನೀವು ಇಲ್ಲಿ ಇರ್ತೀರೋ ಇಲ್ವೋ ಅನ್ನೋದನ್ನ ವಿಚಾರಣೆ ಆದ್ಮೇಲೆ ನೋಡೋಣ."

ವಿಚಾರಣೆ ಜೂನ್ 10ಕ್ಕೆ. ಆ ಹೇಳಿಕೆ ಬಿದ್ದರೆ ಬಾಡಿಗೆಯವರ ದಾವೆ ಬೀಳುತ್ತದೆ, ಅದರ ಜೊತೆ ನನ್ನ ಕೆಲಸವೂ. ಆಮೇಲಿನದು ನಿನಗೆ ಗೊತ್ತು.

ಗುಂಡಿ ಈಗ ಕೆಳಗಿನ ಹುಡುಗಿಯ ಜೊತೆ ಸೇರಿ ಮೆಟ್ಟಿಲ ಮೇಲೆ ಅಂಗಡಿ ಇಟ್ಟಿದ್ದಾಳೆ. ಹತ್ತುವವರೆಲ್ಲ ಏನಾದರೂ ಕೊಳ್ಳಬೇಕು. ನಾನು ನಿನ್ನೆ ಒಂದು ಚಪ್ಪಟೆ ಕಲ್ಲು ಕೊಂಡೆ. ಅವಳಿಗೆ ಏನೂ ಹೇಳಿಲ್ಲ.

ನೀನಾಗಿದ್ದರೆ ಏನು ಮಾಡುತ್ತಿದ್ದೆ? ಕೂಡಲೇ ಬರಿ.

ತಮ್ಮ


ಏಪ್ರಿಲ್ 29

ತಮ್ಮಾ,

ನಿನ್ನ ಪತ್ರ ಇವತ್ತು ಬಂತು. ಇವತ್ತೇ ಬರೆಯುತ್ತಿದ್ದೇನೆ.

ಸಲಹೆ ಕೊಡುವುದಿಲ್ಲ. ನೀನು ಸೋತರೆ ನನಗೆ ಲಾಭ ಇದೆ. ಅದು ನಿನಗೂ ಗೊತ್ತು, ನೀನು ಬರೆಯಲಿಲ್ಲ, ನಾನು ಬರೆಯುತ್ತಿದ್ದೇನೆ. ಆ ಸಾಲು ಇರಲಿ ಅಂದರೆ ಮಗು ವಾಪಸ್ ಬರಲಿ ಅಂತ ಅಕ್ಕ ಹಾಗೆ ಹೇಳಿದಳೇನೋ ಅಂತ ನಿನಗೆ ಒಂದಲ್ಲ ಒಂದು ದಿನ ಅನ್ನಿಸುತ್ತೆ. ತೆಗಿ ಅಂದರೆ ಅಪ್ಪನ ಮಗಳು ಅಂತ ಹೇಳಿಕೊಂಡು ಓಡಾಡೋಕೆ ನನಗೆ ಮುಖ ಇರಲ್ಲ. ಆದ್ದರಿಂದ ನನ್ನನ್ನು ಈ ಪಂಚಾಯಿತಿಗೆ ಕರೀಬೇಡ.

ಒಂದು ಬೇರೆ ವಿಷಯ ಹೇಳುತ್ತೇನೆ. ಗುಂಡಿಗೆ ಮೂರು ವರ್ಷ ಇದ್ದಾಗ ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದು ಬಂದು ನನ್ನ ಮಡಿಲಲ್ಲಿ ಮುಖ ಇಟ್ಟು ಅಮ್ಮಾ ಅಂದಳು. ನಾನು, ಅಲ್ಲ ಮಗಾ, ಅತ್ತೆ ಅನ್ನು, ಅಂದೆ. ಮಾರನೇ ದಿನವೂ ಅಂದಳು. ಮತ್ತೆ ತಿದ್ದಿದೆ. ಒಂದು ತಿಂಗಳು ತಿದ್ದಿದ ಮೇಲೆ ಅತ್ತೆ ಅಂತ ನಿಂತಿತು. ಅಂಗಡಿಗೆ ಬಂದವರೆಲ್ಲ ಬೈದರು. ಅನ್ನಲಿ ಬಿಡೇ, ನಿನ್ನ ಗಂಟೇನು ಹೋಗುತ್ತೆ ಅಂತ. ಬಿಟ್ಟಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಆದರೂ ಅಲ್ಲದ್ದನ್ನು ಹೌದು ಅಂತ ಅನ್ನಿಸಿಕೊಳ್ಳೋಕೆ ನನಗೆ ಆಗಲಿಲ್ಲ.

ಇದು ಸಲಹೆ ಅಲ್ಲ. ಕೇಳಿದೆಯಲ್ಲ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಮೇ 3

ಅಕ್ಕಾ,

ಹೇಳಿಕೆ ಸಲ್ಲಿಸಿದ್ದಾಯಿತು, ಒಂದು ಅಕ್ಷರ ಬದಲಾಗದೆ. ಕೌಂಟರಿನಲ್ಲಿ ಮುದ್ರೆ ಹಾಕಿಸಿದ್ದು ನಾನೇ. ನಕಲಣ್ಣ ಮೂರು ನಕಲು ಇಟ್ಟುಕೊಂಡರು. ಆಮೇಲೆ ಏನನ್ನಿಸಿತೋ, ನನ್ನನ್ನು ಟೀಗೆ ಕರೆದುಕೊಂಡು ಹೋಗಿ ಅವರ ಮಗಳ ಕಥೆಯೆಲ್ಲ ಹೇಳಿದರು.

ಜೂನ್ 10ರವರೆಗೆ ಬರೆಯಲು ಏನೂ ಇಲ್ಲ.

ತಮ್ಮ


ಜೂನ್ 11

ಅಕ್ಕಾ,

ನಮ್ಮವರು ಗೆದ್ದರು. ಹೇಳಿದ್ದು ಆ ಕಟಿಂಗ್ ಶಾಪಿನವನು. ಸುದ್ದಿಗೆ ಇದಕ್ಕಿಂತ ಒಳ್ಳೆಯ ಮೂಲ ಬೇಕೇ?

ನನ್ನನ್ನು ಒಳಗೆ ಬಿಟ್ಟಿರಲಿಲ್ಲ. ಹೇಳಿಕೆ ಬರೆದುಕೊಂಡವನನ್ನೂ ಸಾಕ್ಷಿಯಾಗಿ ಕರೆಯಬಹುದು, ಹಾಗಾಗಿ ಹೊರಗೆ ಕೂರಬೇಕು. ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದೆ. ಒಳಗಿನಿಂದ ಒಂದು ಸಲ ಎಲ್ಲರೂ ನಕ್ಕ ಸದ್ದು ಬಂತು. ಆ ನಗು ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದುಕೊಂಡು ಅವನು ಓಡಿ ಬಂದ. ನನ್ನ ಎರಡೂ ಕೈ ಹಿಡಿದುಕೊಂಡ. ಮಾತು ಶುರುವಾದದ್ದು ನಿಲ್ಲಲೇ ಇಲ್ಲ. ಒಳಗೆ ನಡೆದದ್ದನ್ನು ಅವನೇ ಹೇಳಿದ್ದು, ಸಂಜೆ ಮೇಡಂ ಕೂಡ ಹಾಗೇ ನಡೆಯಿತು ಅಂದರು. ಎರಡು ಕಡೆಯಿಂದ ಖಚಿತವಾದ ಮೇಲೆ ನಿನಗೆ ಬರೆಯುತ್ತಿದ್ದೇನೆ.

ಮಾಲೀಕನ ವಕೀಲ ಆ ಸಾಲಿಗೇ ಬಂದನಂತೆ. "ಈ ಸಾಕ್ಷಿಯನ್ನ ವಿಚಾರಣೆ ಮಾಡಿದ್ದು ಆರು ವರ್ಷದ ವಕೀಲೆ" ಅಂದನಂತೆ. ನಕ್ಕದ್ದು ಆಗಲೇ. ಕಿಟಕಿ ಅಜ್ಜಿಯೂ ನಕ್ಕರಂತೆ.

ಆ ವಕೀಲ ಅಜ್ಜಿಯ ಕಡೆ ತಿರುಗಿ, "ಆ ಮಗು ಕೇಳಿದ್ದಕ್ಕೆ ತಾನೆ ನೀವು ಮಾಲೀಕರ ಹೆಸರು ಎತ್ತಿದ್ದು?" ಅಂದ.

"ಹೌದು. ಇವರ ಹುಡುಗ್ರು ಮೂರು ಸಲ ಬಂದು ಹೊಸಿಲ ಮೇಲೆ ನಿಂತು ಮಾಲೀಕ ಇದ್ನಾ, ಮಾಲೀಕ ಇದ್ನಾ ಅಂದ್ರು. ಹಂಗೆ ಕೇಳಿದ್ರೆ ಯಾರು ಹೇಳ್ತಾರೆ? ನಾಳೆ ನಾನು ಅದೇ ಬೀದೀಲಿ ಬದುಕ್ಬೇಕು. ಮಗು ಮೀನಿನ ವಿಷಯ ಕೇಳ್ತು. ಮೀನಿಗೆ ಏನು ಸುಳ್ಳು ಹೇಳೋದು?"

"ಅಂದ್ರೆ ಮಗು ನಿಮ್ಮ ಬಾಯಿಂದ ಹೇಳಿಸ್ತು."

"ಮಗುಗೆ ಮಾಲೀಕ ಯಾರು ಅಂತ ಗೊತ್ತೇನಪ್ಪ? ಅದು ಕೇಳಿದ್ದು ಮೀನು. ಮಾಲೀಕ ಅಂದಿದ್ದು ನಾನು. ಅಲ್ಲೇ ಬರೆದಿದ್ಯಲ್ಲ, ಓದು."

ನ್ಯಾಯಾಧೀಶೆ ಓದಿದರಂತೆ, ಗಟ್ಟಿಯಾಗಿ, ಗುಂಡಿಯ ಪ್ರಶ್ನೆಯನ್ನೂ ಸೇರಿಸಿ. ಆ ಪ್ರಶ್ನೆಯಲ್ಲಿ ಮಾಲೀಕನ ಸುಳಿವೇ ಇಲ್ಲ, ಕೋಣೆಯಲ್ಲಿ ಇದ್ದವರೆಲ್ಲರ ಹೆಸರೂ ಇದೆ, ಮುಚ್ಚಿಟ್ಟದ್ದು ಏನೂ ಕಾಣುವುದಿಲ್ಲ ಅಂತ ಹೇಳಿ ಹೇಳಿಕೆಯನ್ನು ಒಪ್ಪಿಕೊಂಡರು. ಆಮೇಲೆ ಮಾಲೀಕನನ್ನೇ ನಿಲ್ಲಿಸಿ, ಊರಲ್ಲಿಲ್ಲದ ದಿನ ಮೀನು ಹೇಗೆ ಕೊಟ್ಟಿರಿ ಅಂದರಂತೆ. ಅವನು ನೀರು ಕೇಳಿದ. ಕುಡಿದ. ಇನ್ನೊಂದು ಲೋಟ ಕೇಳಿದ. ಮಧ್ಯಾಹ್ನಕ್ಕೆ ಆದೇಶ ಬಂತು: ಬೀಗ ತೆಗೆಯಬೇಕು, ಬಾಡಿಗೆಯವರು ಅವರವರ ಕೋಣೆಗೆ ಹೋಗಬೇಕು.

ಸಂಜೆ ಮೇಡಂ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಗುಂಡಿಯೂ ಇದ್ದಳು. ಈ ಸಲ ಕರೆತನ್ನಿ ಅಂದದ್ದು ಅವರೇ. ಬೀಗಗಳು ಒಂದೊಂದಾಗಿ ತೆರೆದುಕೊಂಡವು. ಜನ ಒಳಗೆ ಓಡಲಿಲ್ಲ ಅಕ್ಕಾ. ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಒಬ್ಬಾಕೆ ಗೋಡೆ ಮುಟ್ಟಿದಳು. ಆಮೇಲೆ ಯಾರೋ ಮೇಲಿನಿಂದ ಪೊರಕೆ ಕೇಳಿದರು, ಇನ್ನು ಯಾರೋ ಬೈದರು, ಹತ್ತು ನಿಮಿಷದಲ್ಲಿ ಆ ಮನೆ ಸಂತೆಯಾಯಿತು. ಕಟಿಂಗ್ ಶಾಪಿನವನು ಬಕೆಟ್ಟು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಹಿಂದೆ ಗುಂಡಿ, "ಚೆಲ್ಬೇಡ, ಚೆಲ್ಬೇಡ" ಅಂತ ಯಜಮಾನಿಕೆ ಮಾಡುತ್ತ ಹೋದಳು.

ಕಿಟಕಿ ಅಜ್ಜಿ ತಮ್ಮ ಜಾಗದಲ್ಲೇ ಕೂತು ಎಲ್ಲ ನೋಡುತ್ತಿದ್ದರು. ಕಣ್ಣು ಕಾಣಿಸುತ್ತಾ ಅಜ್ಜಿ ಅಂದೆ. "ಇವತ್ತು ಪರವಾಗಿಲ್ಲ" ಅಂದರು.

ನನ್ನ ಕೆಲಸದ ವಿಷಯ ಮೇಡಂ ಇನ್ನೂ ಎತ್ತಿಲ್ಲ.

ತಮ್ಮ


ಜೂನ್ 27

ಅಕ್ಕಾ,

ಕೆಲಸ ಖಾಯಂ ಆಯಿತು. ಹೇಳಿದ್ದು ಮೇಡಂ, ನಿನ್ನೆ, ಮೆಟ್ಟಿಲಿಳಿಯುತ್ತ. "ನಿಯಮ ಮುರಿದಿದ್ದು ತಪ್ಪು, ಇನ್ನೊಂದು ಸಲ ಬೇಡ. ಶನಿವಾರ ನಿಮಗೆ ಹೊರಗಿನ ಕೆಲಸ ಹಾಕಲ್ಲ. ಇನ್ಮೇಲೆ ಎಲ್ಲಾ ಹೇಳಿಕೆಗಳಲ್ಲೂ ಹಾಜರಿದ್ದವರು ಅಂತ ಒಂದು ಸಾಲು ಇರಬೇಕು, ಹುಡುಗರಿಗೆ ನೀವೇ ಹೇಳಿಕೊಡಿ" ಅಂದರು. ನಕ್ಕರು ಕೂಡ. ನಕಲಣ್ಣ ಸಾಕ್ಷಿ.

ಹೋದ ಪತ್ರಕ್ಕೆ ನಿನ್ನಿಂದ ಉತ್ತರ ಬರಲಿಲ್ಲ. ಎರಡು ಭಾನುವಾರ ಫೋನಿನಲ್ಲಿ ಗುಂಡಿಯ ಜೊತೆ ನಗುನಗುತ್ತಲೇ ಮಾತಾಡಿದೆ, ಪಕ್ಕದಿಂದ ಕೇಳಿಸಿತು. ನನಗೆ ಮಾತ್ರ ಒಂದು ಸಾಲೂ ಇಲ್ಲ. ಷರತ್ತು ಹಾಕಿದವಳು ನೀನು. ಅದು ಮುಗಿಯಿತು ಅಂತ ನೀನೇ ಹೇಳಬೇಕು. ಅಲ್ಲಿಯವರೆಗೆ ನನಗೆ ಗೆದ್ದ ಹಾಗೆ ಅನ್ನಿಸುವುದಿಲ್ಲ.

ಜುಲೈಯಲ್ಲಿ ಅವಳಿಗೆ ನಡುವರ್ಷದ ರಜೆ. ರಜೆಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ ಅಂತ ಜನವರಿಯಲ್ಲಿ ನೀನು ಅಂದಿದ್ದೆ. ಈಗಲೂ ಅದೇ ಮನಸ್ಸಿದ್ದರೆ ಕಾಗದದಲ್ಲೇ ಹೇಳಿಬಿಡು.

ತಮ್ಮ


ಜುಲೈ 3

ತಮ್ಮಾ,

ಗುಂಡಿಯ ಹೆಸರನ್ನು ಇಲ್ಲಿಯ ಶಾಲೆಯಿಂದ ತೆಗೆಸಿದೆ. ಹೇಳುತ್ತಿರುವುದು ನಾನೇ, ಬೇರೆ ಮೂಲ ಹುಡುಕಬೇಡ.

ನಿನಗೆ ಗೊತ್ತಿರಲಿಲ್ಲ. ನೀವು ಬಸ್ಸು ಹತ್ತಿದ ಮಾರನೇ ದಿನವೇ ಹೋಗಿ ಅವಳಿಗೆ ಒಂದು ಜಾಗ ಇಟ್ಟಿರಿ ಅಂತ ಹೆಡ್‌ಮೇಡಂಗೆ ಹೇಳಿ ಬಂದಿದ್ದೆ. ಅವರು ಬಟ್ಟೆ ಹೊಲಿಸೋಕೆ ಬಂದಾಗೆಲ್ಲ ಕೇಳುತ್ತಿದ್ದರು, ಬರ್ತಾಳಾ ಅಂತ. ನಾನು ಬರ್ತಾಳೆ ಅನ್ನುತ್ತಿದ್ದೆ. ಮೊನ್ನೆ ನಾನೇ ಹೋದೆ. ಬರಲ್ಲ, ಅವಳಪ್ಪನ ಕೆಲಸ ಖಾಯಂ ಆಯ್ತು, ಅಂದೆ. ಅವರು ನನ್ನ ಮುಖ ನೋಡಿ ಏನೋ ಹೇಳಲು ಹೊರಟರು. ಆಮೇಲೆ ತೋಳು ಸ್ವಲ್ಪ ಬಿಗಿ ಆಯ್ತು, ಬಿಚ್ಚಿ ಕೊಡ್ತೀಯಾ ಅಂದರು. ಬಿಚ್ಚಿ ಕೊಟ್ಟೆ.

ಉತ್ತರ ಬರೆಯಲಿಲ್ಲ ಅಂತ ಕೋಪ ಮಾಡಿಕೊಳ್ಳಬೇಡ. ಎರಡು ಸಲ ಬರೆದು ಹರಿದೆ. ಸಂತೋಷವನ್ನು ಬರೆಯೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಓದೋದು ಸುಲಭ. ನಿನ್ನ ಆ ವಿಚಾರಣೆಯ ಪತ್ರವನ್ನು ಅಂಗಡಿಯಲ್ಲಿ ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ್ದೇನೆ. ಮೀನಿಗೆ ಏನು ಸುಳ್ಳು ಹೇಳೋದು ಅನ್ನೋ ಮಾತು ಈಗ ನಮ್ಮ ಬೀದಿಯಲ್ಲಿ ಗಾದೆ ಆಗಿದೆ. ನಿನ್ನೆ ತರಕಾರಿಯವಳು ತಕ್ಕಡಿ ಹಿಡಿದು ನನಗೇ ಹೇಳಿದಳು. ಆ ಹಳೆಯ ನ್ಯಾಯಾಧೀಶರೂ ಕೋಲೂರಿಕೊಂಡು ಬಂದಿದ್ದರು. ಇನ್ನೊಂದು ಸಲ ಓದು ಅಂದರು. ಓದಿದೆ. "ನೊಣ ಇತ್ತಾ ಅಂತ ಬರೆದಿಲ್ಲವಲ್ಲ" ಅಂತ ಹೇಳಿ ಹೋದರು. ಮೂಲೆ ತಿರುಗುವವರೆಗೂ ಭುಜ ಕುಲುಕಿಸಿಕೊಂಡು ನಗುತ್ತಿದ್ದರು.

ಷರತ್ತು ಮುಗಿಯಿತು. ಮಗು ಬೇರು ಬಿಟ್ಟಿದೆ. ಅದು ನನಗೆ ನಿನ್ನ ಕೆಲಸದಿಂದ ಗೊತ್ತಾಗಿದ್ದಲ್ಲ. ಹೋದ ಭಾನುವಾರ ಫೋನಿನಲ್ಲಿ ಅವಳು ನನಗೆ, ಅತ್ತೆ, ನೀನು ಯಾವಾಗ ನಮ್ಮ ಮನೆಗೆ ಬರ್ತೀಯಾ ಅಂದಳು. ನಮ್ಮ ಮನೆ ಅಂದಳು. ನಾನು ತಿದ್ದಲಿಲ್ಲ.

ಅವಳ ಮಂಚ ಇದ್ದ ಜಾಗದಲ್ಲಿ ಇನ್ನೊಂದು ಮಿಷನ್ ಹಾಕಿದ್ದೇನೆ. ಇಬ್ಬರು ಹೆಂಗಸರು ಹೊಲಿಗೆ ಕಲಿಯೋಕೆ ಬರುತ್ತಾರೆ. ಒಬ್ಬಳಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ, ಬಾಯಿ ಮಾತ್ರ ಊರಗಲ. ಮನೆಯಲ್ಲಿ ಮತ್ತೆ ಸದ್ದಾಗುತ್ತಿದೆ.

ರಜೆಗೆ ಬರುತ್ತೇನೆ. ಬಸ್ಸು ಜುಲೈ 14ರ ಬೆಳಿಗ್ಗೆ ಏಳಕ್ಕೆ ನಿಮ್ಮ ಎದುರಿನ ಡಿಪೋಗೇ ಬರುತ್ತದಂತೆ. ಎರಡು ವಾರ ಇರುತ್ತೇನೆ. ವಾಪಸ್ ಟಿಕೆಟ್ಟನ್ನೂ ಈಗಲೇ ತೆಗೆದಿದ್ದೇನೆ, 28ಕ್ಕೆ, ಕಿಟಕಿ ಪಕ್ಕ, ಒಂದು ಸೀಟು.

ಅಕ್ಕ